ಇಂದುಮತಿಯನ್ನು ಗುರುತಿಸಲು ಹಿಡಿದ ಹೊತ್ತು

ನಮ್ಮೂರಿನ ಬಾಗಿಲುಗಳಿಗೆ ಬೀಗವಿಲ್ಲ, ಅಗುಳಿಯೂ ಇಲ್ಲ. ಬಾಗಿಲ ಮೇಲೆ ಕೈ ಇಟ್ಟು ನಿಲ್ಲಬೇಕು. ಬಂದವರು ಯಾರು, ಹಿಂದೆ ಯಾವಾಗೆಲ್ಲ ಬಂದಿದ್ದರು, ಬಂದಾಗ ಏನೇನು ನಡೆಯಿತು ಎಂಬುದನ್ನೆಲ್ಲ ಬಾಗಿಲು ಮೊದಲಿನಿಂದ ನೆನಪು ಮಾಡಿಕೊಳ್ಳುತ್ತದೆ. ನೆನಪು ಮುಗಿದ ಮೇಲೆ ತೆರೆಯುತ್ತದೆ. ಚಿಕ್ಕ ಮಕ್ಕಳಾದರೆ ಕಣ್ಣು ಮಿಟುಕಿಸುವುದರೊಳಗೆ ಆಯಿತು. ನನ್ನಂಥ ಐವತ್ತು ದಾಟಿದವಳಾದರೆ ಎಲೆಯಡಿಕೆ ಹಾಕಿ, ಉಗುಳಿ, ಬಾಯಿ ಮುಕ್ಕಳಿಸುವಷ್ಟು ಹೊತ್ತು. ನಮ್ಮ ಹೆಡ್‌ಮೇಷ್ಟ್ರ ತಾಯಿಯಂತೂ ತಮ್ಮ ಮನೆಯ ಬಾಗಿಲ ಮುಂದೆ ಕೂತು ಒಂದು ಮೊರ ಅವರೆಕಾಯಿ ಬಿಡಿಸಿ ಮುಗಿಸುತ್ತಾರೆ. ಅದಕ್ಕೇ ಇಲ್ಲಿ ಎಷ್ಟೇ ಸಣ್ಣ ಮನೆಯಾದರೂ ಮುಂದೆ ಒಂದು ಕಟ್ಟೆ ಇದ್ದೇ ಇರುತ್ತದೆ. ಕಟ್ಟೆ ಕಟ್ಟಿದ ಮೇಲೆಯೇ ಗೋಡೆ ಎಬ್ಬಿಸುವುದು.

ಒಳಗಿರುವವರು ಎದ್ದು ಬಂದು ತೆಗೆಯಬಹುದು. ಆದರೆ ಅದು ಮರ್ಯಾದೆಯಲ್ಲ. ನಿನ್ನ ವಿಷಯದಲ್ಲಿ ನೆನೆಯುವಂಥದ್ದು ಏನಿದೆ ಬಾ ಅಂದ ಹಾಗಾಗುತ್ತದೆ. ಬೆಂಕಿ ಬಿದ್ದರೆ, ಹಾವು ಹೊಕ್ಕರೆ ಮಾತ್ರ ಒಳಗಿನಿಂದ ತೆಗೆಯುತ್ತಾರೆ. ಹೊಸಬರಿಗೆ ಬಾಗಿಲು ಕೂಡಲೇ ತೆರೆದುಕೊಳ್ಳುತ್ತದೆ, ನೆನಪು ಮಾಡಿಕೊಳ್ಳಲು ಏನೂ ಇರುವುದಿಲ್ಲವಲ್ಲ. ಹೊರಗಿನಿಂದ ಬಂದ ಪಾತ್ರೆ ವ್ಯಾಪಾರಿ ಕೈ ಸೋಕಿಸಿದ ಕ್ಷಣಕ್ಕೆ ನಡುಮನೆಯಲ್ಲಿ ನಿಂತಿದ್ದರೆ ನಮ್ಮ ಹೆಂಗಸರು 'ಅಯ್ಯೋ ಪಾಪ' ಎಂದು ಮೊದಲು ನೀರು ಕೊಟ್ಟು ಆಮೇಲೆ ಪಾತ್ರೆ ನೋಡುತ್ತಾರೆ. ಹಾಗಾದರೆ ಕಳ್ಳರು ಬರುವುದಿಲ್ಲವೇ ಎಂದು ಕೇಳಬಹುದು. ಪ್ರತಿ ಮನೆಯ ಕಟ್ಟೆಯ ಮೇಲೂ ಯಾರಾದರೊಬ್ಬರು ಬಾಗಿಲು ಕಾಯುತ್ತ ಕೂತಿರುವ ಬೀದಿಗೆ ಕಳ್ಳ ಬಂದು ಮಾಡುವುದೇನು? ನಾಲ್ಕು ಜನ ಅವನ ಊರು, ಕುಲ, ಮಕ್ಕಳೆಷ್ಟು ಎಂದು ವಿಚಾರಿಸಿಬಿಡುತ್ತಾರೆ.

ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್. ಶಾಲೆಗೆ ಕಂಪ್ಯೂಟರುಗಳು ಬಂದಾಗ ಅವನ್ನು ಯಾರ ತಲೆಗೆ ಕಟ್ಟುವುದೆಂದು ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆಯಾಯಿತು. ಗಣಿತದವರು ಸೊಂಟ ನೋವು ಎಂದರು, ವಿಜ್ಞಾನದವರು ನಿವೃತ್ತಿ ಹತ್ತಿರ ಬಂತು ಎಂದರು. ಕೊನೆಗೆ ಹೆಡ್‌ಮೇಷ್ಟ್ರು ವಾಮದೇವಪ್ಪನವರು ನನ್ನ ಕಡೆ ತಿರುಗಿ, "ಸರೋಜಿನಿಯವರೇ, ಸೂಜಿಗೆ ದಾರ ಪೋಣಿಸೋರಿಗೆ ಈ ವೈರುಗಳೇನು ಮಹಾ" ಎಂದು ಕೋಣೆಯನ್ನು ನನಗೆ ವಹಿಸಿಬಿಟ್ಟರು. ಕಲಿತೆ. ಹೊಲಿಗೆ ಯಂತ್ರ ಕಲಿತವಳಿಗೆ ಇದೊಂದು ಯಂತ್ರ. ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್. ಯಾವ ಕಂಪ್ಯೂಟರಿನ ಮುಂದೆ ಕೂತು ಹೆಸರು ಹಾಕಿದರೂ ಅವರವರ ಚಿತ್ರ, ಬರಹ ಎಲ್ಲ ಅಲ್ಲಿಗೇ ಬಂದು ಹಾಜರಾಗುತ್ತದೆ. ಮೂಲೆಯಲ್ಲಿ ಸದಾ ಗುಂಯ್‌ಗುಡುವ ಸರ್ವರ್ ಎಂಬ ದೊಡ್ಡ ಪೆಟ್ಟಿಗೆಯಿಂದ ಅದೆಲ್ಲ ಬರುವುದು.

ಮೊದಮೊದಲು ಹೆಸರು ಹಾಕಿದ ಕೂಡಲೇ ಪರದೆ ತೆರೆಯುತ್ತಿತ್ತು. ಮಕ್ಕಳ ಮುಖ ಬಾಡಿತು. ಒಬ್ಬಳು ಮನೆಗೆ ಹೋಗಿ ಅತ್ತಳಂತೆ, ಕಂಪ್ಯೂಟರಿಗೆ ನಾನು ಯಾರೂ ಅಲ್ಲ ಎಂದು. ಹೊಸ ಸಾಮಾನು, ಪರಿಚಯವಾಗಲಿ, ಆಮೇಲೆ ನೋಡಿ ಎಂದು ನಾನೇ ಸಮಾಧಾನ ಹೇಳಿದೆ. ಒಂದೆರಡು ವರ್ಷ ಕಳೆಯುವುದರಲ್ಲಿ ಅದು ಸ್ವಲ್ಪ ಸ್ವಲ್ಪ ತಡ ಮಾಡತೊಡಗಿತು. ಹೆಸರು ಹಾಕಿದರೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತ ನಿಲ್ಲುತ್ತಿತ್ತು. ಊರಿಗೆಲ್ಲ ಸಂತೋಷವಾಯಿತು. ಈಗ ಗುರುತು ಹಿಡಿಯೋಕೆ ಶುರು ಮಾಡ್ತು ನೋಡಿ ಎಂದರು. ದಿನಸಿ ಅಂಗಡಿಯ ಮುಂದೆ ತಾಯಂದಿರು, ನನ್ನ ಮಗಳಿಗೆ ಇಷ್ಟು ಹೊತ್ತು ಹಿಡೀತಂತೆ, ನನ್ನ ಮಗನಿಗೆ ಅದಕ್ಕಿಂತ ಹೆಚ್ಚಂತೆ ಎಂದು ಹೇಳಿಕೊಂಡರು. ನಾನು ಮಕ್ಕಳಿಗೆ ಕಸೂತಿಯ ಬಟ್ಟೆ, ಅದನ್ನು ಬಿಗಿಯುವ ಬಳೆ ತರಲು ಹೇಳಿದೆ. ಚಕ್ರ ತಿರುಗುವಷ್ಟು ಹೊತ್ತು ಅವರು ಹೊಲಿಗೆ ಹಾಕುತ್ತಿದ್ದರು. ನಮ್ಮ ಶಾಲೆಯ ಒಳ್ಳೆಯ ಕರವಸ್ತ್ರಗಳೆಲ್ಲ ಕಂಪ್ಯೂಟರ್ ಪಿರಿಯಡ್ಡಿನಲ್ಲಿ ತಯಾರಾದವು ಎಂದರೆ ಸುಳ್ಳಲ್ಲ.

ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ಇಂದುಮತಿಗೆ. ಹಿಟ್ಟಿನ ಗಿರಣಿಯ ಶಿವಗಂಗೆಯ ಮಗಳು. ಮಾತು ಕಡಿಮೆ. ದನಕರು ಎಂದರೆ ಪ್ರಾಣ. ಯಾರ ಮನೆಯ ಎಮ್ಮೆ ಕರು ಹಾಕಿದರೂ ಇವಳು ಅಲ್ಲಿ. ಅಮ್ಮನ ಫೋನು ಹಿಡಿದು ಕುಂಟುವ ಎತ್ತು ನಡೆಯುವುದನ್ನು, ಜ್ವರ ಬಂದ ಆಕಳು ಉಸಿರಾಡುವುದನ್ನು ವಿಡಿಯೊ ಮಾಡಿಕೊಂಡು ಬಂದು ಕಂಪ್ಯೂಟರಿಗೆ ಹಾಕಿ, ಮತ್ತೆ ಮತ್ತೆ ನೋಡುತ್ತಿದ್ದಳು. ದನದ ಡಾಕ್ಟರ ಕೆಲಸಕ್ಕೆ ಒಂದು ಡಿಪ್ಲೊಮಾ ಇದೆಯೆಂದು ಅವಳಿಗೆ ಹೇಳಿದವಳು ನಾನೇ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು, ಅದೂ ಕಂಪ್ಯೂಟರಿನ ಮೇಲೆ. ಶಿವಗಂಗೆ ಒಪ್ಪಿದ್ದಳು, ಆದರೆ ಒಂದು ಮಾತಿನ ಮೇಲೆ. "ಪರೀಕ್ಷೆ ನಮ್ಮ ಸ್ಕೂಲಲ್ಲೇ ಇದ್ರೆ ಬರೀಲಿ. ಹೊರಗೆಲ್ಲೂ ಕಳಿಸಲ್ಲ. ಸೀಟಿನ ಮಾತು ಸಿಕ್ಕ ಮೇಲೆ ನೋಡಣ." ಆ ವರ್ಷ ನಮ್ಮ ಶಾಲೆಗೇ ಪರೀಕ್ಷಾ ಕೇಂದ್ರ ಕೊಟ್ಟಿದ್ದರು. ಇಂದುಮತಿ ಆ ಸುದ್ದಿ ಕೇಳಿ ನನ್ನ ಮೇಜಿನ ಮೇಲಿದ್ದ ಕತ್ತರಿ, ಟೇಪುಗಳನ್ನೆಲ್ಲ ಒಪ್ಪವಾಗಿ ಜೋಡಿಸಿಟ್ಟು ಹೋದಳು. ಅವಳ ಸಂತೋಷ ಹಾಗೇ.

ಪರೀಕ್ಷೆಗೆ ಮೊದಲು ಒಂದು ಅಭ್ಯಾಸ ಪರೀಕ್ಷೆ ನಡೆಸಬೇಕಿತ್ತು. ಗಂಟೆ ಹೊಡೆದ ಮೇಲೇ ಕಂಪ್ಯೂಟರುಗಳನ್ನು ತೆರೆಯಬೇಕು, ಹತ್ತು ನಿಮಿಷದೊಳಗೆ ಎಲ್ಲರೂ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ಮುಚ್ಚಿಹೋಗುತ್ತದೆ. ನಾವು ಗಂಟೆ ಹೊಡೆದೆವು. ಮಕ್ಕಳು ಹೆಸರು ಹಾಕಿ, ಅಭ್ಯಾಸದಂತೆ ಕಸೂತಿ ಕೈಗೆ ತೆಗೆದುಕೊಂಡರು. ಚಕ್ರಗಳು ತಿರುಗಿದವು. ಒಬ್ಬನೇ ಒಬ್ಬ, ಹೋದ ತಿಂಗಳು ಬೇರೆ ಊರಿನಿಂದ ಬಂದು ಸೇರಿದವನು, ಒಳಗೆ ಹೋದ. ಉಳಿದವರ ಪರದೆ ತೆರೆಯುವುದರೊಳಗೆ ಪತ್ರಿಕೆ ಮುಚ್ಚಿಹೋಗಿತ್ತು. ಇಂದುಮತಿ ಒಂದು ಗಿಳಿಯ ರೆಕ್ಕೆ ಪೂರ್ತಿ ಮುಗಿಸಿದ್ದಳು.

ಮರುದಿನವೇ ಪರೀಕ್ಷಾ ಮಂಡಳಿಯಿಂದ ಫೋನು. ವಾಮದೇವಪ್ಪನವರು ರಿಸೀವರ್ ಕಿವಿಯಿಂದ ದೂರ ಹಿಡಿದುಕೊಂಡೇ ಕೇಳಿಸಿಕೊಂಡರು. ಇಟ್ಟ ಮೇಲೆ ಕನ್ನಡಕ ಒರೆಸಿದರು.

"ಸರಿ ಮಾಡಿ, ಇಲ್ಲ ಅಂದ್ರೆ ಕೇಂದ್ರ ಹೊಳೆಯಾಚೆ ಊರಿಗೆ ಹಾಕ್ತೀವಿ ಅಂತಾರೆ."

"ನೀವೇನಂದ್ರಿ ಸಾರ್?"

"ನಮ್ಮ ಮಕ್ಕಳು ತೂಕದ ಮಕ್ಕಳು, ಸ್ವಲ್ಪ ಹೊತ್ತು ಹಿಡಿಯುತ್ತೆ ಅಂದೆ. ಆ ಮನುಷ್ಯನಿಗೆ ಅರ್ಥವೇ ಆಗಲಿಲ್ಲ."

ಕಂಪ್ಯೂಟರ್ ಮಾರಿದ ಕಂಪನಿಯವರು ಒಬ್ಬ ಹುಡುಗಿಯನ್ನು ಕಳಿಸಿದರು. ಹೆಸರು ತಬಸ್ಸುಮ್. ಬೆನ್ನಿಗೆ ದೊಡ್ಡ ಚೀಲ, ಕಾಲಿಗೆ ಬೂಟು. ಬಸ್ಸಿಳಿದವಳು ನೇರವಾಗಿ ನಮ್ಮ ಮನೆಗೇ ಬಂದಳು. ಬಾಗಿಲು ಕೂಡಲೇ ತೆರೆಯಿತು, ಅವಳು ಒಳಗೆ ಹೋದದ್ದೇ ಮುಚ್ಚಿಕೊಂಡಿತು. ನಾನು ಅವಳ ಹಿಂದೆಯೇ ಬಂದು ಕೈ ಇಟ್ಟು ಕಟ್ಟೆಯ ಮೇಲೆ ಕೂತೆ. ಅವಳು ಒಳಗೆ, ನಾನು ಹೊರಗೆ.

"ಮೇಡಂ, ಒಳಗೆ ಬನ್ನಿ" ಎಂದು ಕಿಟಕಿಯಿಂದ ಕರೆದಳು.

"ನನ್ನ ಮನೆಯಮ್ಮ, ಬರ್ತೀನಿ. ನೀನು ಹೂಜಿಯಿಂದ ನೀರು ಕುಡಿ. ಕೊಬ್ಬರಿ ಬಿಸ್ಕತ್ತು ಡಬ್ಬಿಯಲ್ಲಿದೆ."

ಎರಡು ದಿನದಲ್ಲಿ ಅವಳಿಗೆ ಎಲ್ಲ ರೂಢಿಯಾಯಿತು. ಹೋದಲ್ಲೆಲ್ಲ ಹೆಂಗಸರು ಪಾಪ ಎಂದು ಏನಾದರೂ ತಿನ್ನಲು ಕೊಡುತ್ತಿದ್ದರು. ಇಷ್ಟು ಪಾಪ ನನಗೆ ಎಲ್ಲೂ ಸಿಕ್ಕಿಲ್ಲ ಎಂದು ನಗುತ್ತಿದ್ದಳು.

ಕೆಲಸದಲ್ಲಿ ಮಾತ್ರ ಅವಳು ನಗುವವಳಲ್ಲ. ಮೊದಲು ಕೇಬಲ್‌ಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಒಂದನ್ನು ಇಲಿ ಕಚ್ಚಿತ್ತು, ಬದಲಾಯಿಸಿದಳು. ಕೇಬಲ್‌ಗಳೆಲ್ಲ ಬಂದು ಸೇರುವ ಸಣ್ಣ ಪೆಟ್ಟಿಗೆಯೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು, ಅದನ್ನು ಕಾಗದದ ಮೇಲೆ ಎತ್ತಿ ಕಿಟಕಿಯಲ್ಲಿ ಬಿಟ್ಟಳು. ಸರ್ವರಿನ ಫ್ಯಾನಿನಿಂದ ಒಂದು ಹಿಡಿ ದಾರದ ತುಣುಕು ತೆಗೆದು ನನ್ನ ಮುಖ ನೋಡಿದಳು. ಕಸೂತಿಯದು. ನಾನು ಸೆರಗು ಸರಿಮಾಡಿಕೊಂಡೆ. ಆಮೇಲೆ ತನ್ನ ಹೆಸರು ಹಾಕಿ ನೋಡಿದಳು. ಪರದೆ ಥಟ್ಟನೆ ತೆರೆಯಿತು.

"ಆಯ್ತು ಟೀಚರ್. ಸರಿಹೋಯ್ತು."

ಬಾಗಿಲಲ್ಲಿ ಇಣುಕುತ್ತಿದ್ದ ಇಂದುಮತಿಯ ಕ್ಲಾಸಿನ ಹುಡುಗ ಕೋಟ್ರೇಶನನ್ನು ಕರೆದು ಕೂರಿಸಿದಳು. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಅವನನ್ನು ಎಬ್ಬಿಸಿ ಪಕ್ಕದ ಕಂಪ್ಯೂಟರಿಗೆ ಕೂರಿಸಿದಳು. ಅಲ್ಲೂ ಅದೇ. ಆ ಕಂಪ್ಯೂಟರನ್ನು ಬಿಚ್ಚಿ ಹೊಸ ಭಾಗ ಹಾಕಿದಳು. ಮತ್ತೆ ಅದೇ. ಹುಡುಗಿ ನೆಲದ ಮೇಲೆ ಕೂತು ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡಳು. ಅವಳ ಮುಖ ನೋಡಲಾಗದೆ, ಸಮಾಧಾನಕ್ಕೆಂದು ನಾನು ಹೇಳಿದೆ, "ಬೇಜಾರು ಮಾಡ್ಕೋಬೇಡಮ್ಮ. ಕೋಟ್ರೇಶ ಎಲ್ಲಿ ಕೂತರೂ ಅಷ್ಟೇ ಹೊತ್ತು. ನಮ್ಮ ಬಾಗಿಲಿಗಿಂತ ನಿಯತ್ತಿನ ಯಂತ್ರ ಇದು."

ಅವಳು ತಲೆ ಎತ್ತಿದಳು. "ಎಲ್ಲಿ ಕೂತರೂ ಅಷ್ಟೇನಾ? ಬೇರೆಯವರಿಗೆ ಬೇರೆ ಹೊತ್ತಾ?"

"ಮತ್ತೆ? ಒಬ್ಬೊಬ್ಬರ ತೂಕ ಒಂದೊಂದು ತರ."

"ಟೀಚರ್, ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಇದರಲ್ಲಿ ಹೇಳೋದೇನಿದೆ?" ಎಂದೆ. ನಿಜವಾಗಿಯೂ ನನಗೆ ತೋಚಿರಲಿಲ್ಲ. ಬೆಂಕಿ ಬಿಸಿ ಎಂದು ಯಾರಾದರೂ ಬಂದವರಿಗೆಲ್ಲ ಹೇಳುತ್ತಾರೆಯೇ?

ಅವಳು ಸರ್ವರಿನ ಮುಂದೆ ಕೂತು ಬೆರಳಾಡಿಸಿದಳು. ಸ್ವಲ್ಪ ಹೊತ್ತಿಗೆ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ಕೋಟ್ರೇಶನ ಹೆಸರಿನಲ್ಲಿ ಒಂದೇ ಆಡಿನ ಒಂದೇ ಫೋಟೊ ನೂರಾರು ಸಲ ಇತ್ತು. ಆಡು, ಆಡು, ಆಡು.

"ಏನೋ ಇದು?" ಎಂದೆ.

ಕೋಟ್ರೇಶ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ. "ಇಂದುಗೆ ಜಾಸ್ತಿ ಹೊತ್ತು ಹಿಡೀತಿತ್ತು ಟೀಚರ್. ನಂಗೂ ಹಿಡೀಲಿ ಅಂತ."

ಮಕ್ಕಳು ಏನು ಕೂಡಿಟ್ಟಿದ್ದಾರೋ ಅಷ್ಟನ್ನೂ ಪ್ರತಿ ಸಲ ಹೆಸರು ಹಾಕಿದಾಗಲೂ ಸರ್ವರ್ ಹೊತ್ತು ತಂದು ಇವರ ಮುಂದಿಡಬೇಕು, ಅದಕ್ಕೇ ತಡ ಎಂದು ತಬಸ್ಸುಮ್ ಬಿಡಿಸಿ ಹೇಳಿದಳು. ತಂತಿಯೂ ಸರಿ, ಪೆಟ್ಟಿಗೆಯೂ ಸರಿ. ಹೊರೆ ಹೆಚ್ಚು. ಇಂದುಮತಿಯದನ್ನು ತೆರೆದಾಗ ಅವಳು ನಗಲಿಲ್ಲ. ಊರಿನ ದನಕರುಗಳೆಲ್ಲ ಅಲ್ಲಿದ್ದವು. ಒಂದೊಂದಕ್ಕೂ ಹೆಸರು, ಏನು ಕಾಯಿಲೆ, ಹೇಗೆ ವಾಸಿಯಾಯಿತು, ಸತ್ತಿದ್ದರೆ ಸತ್ತದ್ದು ಯಾತಕ್ಕೆ. ನೋಡುತ್ತ ನೋಡುತ್ತ ಆ ಹುಡುಗಿಯ ಚಹಾ ಆರಿಹೋಯಿತು.

"ಆಡು ಅಳಿಸಬಹುದು. ಇದನ್ನ ಅಳಿಸೋ ಹಾಗಿಲ್ಲ" ಎಂದಳು. "ಬೇರೆ ಕಡೆಗೆ ಸಾಗಿಸೋಣ ಅಂದ್ರೆ ಈ ಹಳೇ ಸರ್ವರ್ ಅರ್ಧ ದಾರೀಲಿ ಕೈಕೊಟ್ರೆ ಎಲ್ಲ ಹೋಗುತ್ತೆ. ಅದನ್ನ ಪರೀಕ್ಷೆ ಆದ ಮೇಲೆ ನಿಧಾನಕ್ಕೆ ಮಾಡ್ತೀನಿ. ಈಗ ಒಂದು ಸುಲಭದ ದಾರಿ ಇದೆ. ಪರೀಕ್ಷೆಗೆ ಅಂತಲೇ ಎಲ್ಲರಿಗೂ ಹೊಸ ಹೆಸರು ಕೊಡ್ತೀನಿ. ಒಳಗೆ ಏನೂ ಇರಲ್ಲ, ಖಾಲಿ. ಹಾಕಿದ ಕೂಡಲೇ ತೆರೆಯುತ್ತೆ."

ಸುಲಭದ ದಾರಿ ಎಂದಳು. ಹೊರಗಿನವಳು, ಪಾಪ.

ಹೆಡ್‌ಮೇಷ್ಟ್ರು ತಂದೆತಾಯಿಯರ ಸಭೆ ಕರೆದರು. ವಿಷಯ ಕೇಳಿದ್ದೇ ತಡ, ಕೋಟ್ರೇಶನ ಅಪ್ಪ ಎದ್ದು ನಿಂತ. "ನನ್ನ ಮಗ ಓದಿದ ಸ್ಕೂಲಿಗೆ ನನ್ನ ಮಗನೇ ಅಪರಿಚಿತನ ಹಾಗೆ ಹೋಗಬೇಕಾ? ಬಳೆ ಮಾರೋನಾ ಅವನು?"

"ನಿನ್ನ ಮಗ ಒಳಗಿಟ್ಟಿರೋದು ಬರೀ ಆಡು ಕಣಯ್ಯ" ಎಂದರು ವಾಮದೇವಪ್ಪ.

"ಇರ್ಲಿ ಸಾರ್, ಅವನ ಆಡು ಅವನದು."

ಜನ ನಕ್ಕರು, ಗೊಣಗಿದರು. ಆದರೆ ಹೊಳೆ ದಾಟಿ ಹೋಗಿ ಪರೀಕ್ಷೆ ಬರೆಯಬೇಕಾದೀತು ಎಂದಾಗ ಒಬ್ಬೊಬ್ಬರೇ ತಣ್ಣಗಾದರು. ಒಂದು ದಿನದ ಮಾತು ತಾನೇ, ಹಳೆಯ ಹೆಸರು ಅಳಿಸುವುದಿಲ್ಲವಲ್ಲ ಎಂದು ಒಪ್ಪಿಕೊಂಡರು. ಶಿವಗಂಗೆ ಮಾತ್ರ ಎದ್ದು, "ನನ್ನ ಮಗಳು ಬರೆಯೋದಿಲ್ಲ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಅವಳು ಯಾಕೆ ಹಾಗೆಂದಳು ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವಳ ಗಂಡ ರೇವಣ್ಣ ಲಾರಿಯ ಮೇಲೆ ಹೋದವನು, ಇವತ್ತು ಬಂದಾನು ನಾಳೆ ಬಂದಾನು ಎನ್ನುತ್ತ ವರ್ಷಗಳಾದವು. ಒಂದು ಸಂಜೆ ಬಂದ. ಬೀದಿಯವರೆಲ್ಲ ಕಟ್ಟೆಗಳ ಮೇಲಿದ್ದೆವು. ಚೀಲ ಕೆಳಗಿಟ್ಟು ಬಾಗಿಲ ಮೇಲೆ ಕೈ ಇಟ್ಟ, ಇಟ್ಟ ಕ್ಷಣವೇ ಬಾಗಿಲು ತೆರೆದುಬಿಟ್ಟಿತು. ಪಾತ್ರೆಯವನಿಗೆ ತೆರೆದ ಹಾಗೆ, ಅವನ ನೆನಪು ಒಂದೂ ಉಳಿದಿಲ್ಲ ಎಂಬ ಹಾಗೆ. ಒಳಗೆ ಶಿವಗಂಗೆ ರೊಟ್ಟಿ ತಟ್ಟುತ್ತಿದ್ದಳು, ಇಂದುಮತಿ ಇನ್ನೂ ಚಿಕ್ಕವಳು. ರೇವಣ್ಣ ಹೊಸ್ತಿಲ ಹೊರಗೇ ನಿಂತಿದ್ದ. ಎತ್ತಿದ ಕೈ ಹಾಗೇ ಗಾಳಿಯಲ್ಲಿತ್ತು. ಆಮೇಲೆ "ಒಂದು ಟೀ ಕುಡಿದು ಬರ್ತೀನಿ" ಎಂದು ಯಾರಿಗೋ ಹೇಳುವ ಹಾಗೆ ಹೇಳಿ, ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದ. ಆ ಟೀ ಇನ್ನೂ ಕುಡಿಯುತ್ತಿದ್ದಾನೆ.

ಮಾರನೆಯ ದಿನ ಇಂದುಮತಿ ಹೊಲಿಗೆ ಕ್ಲಾಸಿನಲ್ಲಿ ಎಂದಿನಂತೆ ಕೂತಿದ್ದಳು. ನಿನಗೇನನಿಸುತ್ತೆ ಎಂದು ಕೇಳಿದೆ.

"ನಂಗೇನೂ ಇಲ್ಲ ಟೀಚರ್. ಯಾವ ಹೆಸರಲ್ಲಾದರೂ ಬರೀತೀನಿ. ಆದ್ರೆ ಅಮ್ಮ ಬೇಡ ಅಂದ ಮೇಲೆ ದಾಟಿ ಹೋಗೋಕೆ ಆಗಲ್ಲ."

"ಬೇಜಾರಿಲ್ವಾ?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಹಾಗೆ ಕಡಿಯಬಾರದೆಂದು ಕ್ಲಾಸಿಗೆಲ್ಲ ನಾನು ನೂರು ಸಲ ಹೇಳಿದ್ದೇನೆ, ಅವಳು ಎಂದೂ ಕಡಿದವಳಲ್ಲ. ನಾನು ಚೀಲ ತೆಗೆದುಕೊಂಡು ಎದ್ದೆ. ಮನೆಗೆ ಹೋಗಿ ಒಂದಷ್ಟು ಜೋಳ ಕಟ್ಟಿಕೊಂಡು ಗಿರಣಿಗೆ ಹೋದೆ. ಬರೀ ಕೈಯಲ್ಲಿ ಹೋದರೆ ಮಾತಾಡಲು ಬಂದಳೆಂದು ತಿಳಿದುಬಿಡುತ್ತದೆ.

ಗಿರಣಿಗೆ ಬಾಗಿಲಿಲ್ಲ, ಅದೊಂದು ಅನುಕೂಲ. ಶಿವಗಂಗೆ ಜೋಳವನ್ನು ಸುರಿದಳು. ಬೆಲ್ಟು ಪಟಪಟ ಎನ್ನುತ್ತಿತ್ತು. ಅವಳ ರೆಪ್ಪೆಯ ಮೇಲೆಲ್ಲ ಹಿಟ್ಟು.

"ಜೋಳ ನಿನ್ನೆ ತಾನೇ ಬೀಸಿಕೊಂಡು ಹೋಗಿದ್ರಿ" ಎಂದಳು ಗಟ್ಟಿಯಾಗಿ.

"ಖರ್ಚಾಯ್ತು."

"ಒಬ್ಬರೇ ಇರೋರು, ಒಂದು ರಾತ್ರೀಲಿ ಅಷ್ಟು ರೊಟ್ಟಿ ತಿಂದ್ರಾ?"

"ನಿನ್ನ ಜೊತೆ ಮಾತಾಡೋಕೆ ಶಕ್ತಿ ಬೇಕಲ್ಲೇ, ತಿಂದೆ."

ಅವಳು ಮೋಟಾರು ಆರಿಸಿದಳು. ಬೆಲ್ಟು ನಿಧಾನವಾಗಿ ಸುತ್ತಿ ನಿಂತಿತು. ಹಿಟ್ಟು ಗಾಳಿಯಲ್ಲಿ ಇಳಿಯುತ್ತಿತ್ತು.

"ಅಕ್ಕ, ನನಗೆ ಹೇಳಬೇಡಿ. ನೀವು ಕಟ್ಟೆ ಮೇಲೆ ಕೂತು ನೋಡಿದೀರಿ. ಆ ಹೊತ್ತು ಅವನ ಮುಖ ನಿಮಗೆ ಕಾಣ್ಲಿಲ್ಲ, ಬೆನ್ನು ಕಂಡಿತು. ನನಗೆ ಮುಖ ಕಂಡಿತು. ಅದೇ ಮುಖ ನನ್ನ ಮಗಳು ಹೊರೋದು ಬೇಡ. ಇವತ್ತು ಕಂಪ್ಯೂಟರು, ನಾಳೆ ಕಾಲೇಜು, ನಾಡಿದ್ದು ನನ್ನ ಬಾಗಿಲು."

ಇದಕ್ಕೆ ಸುಮ್ಮನೆ ಸಮಾಧಾನ ಹೇಳಿ ಪ್ರಯೋಜನವಿರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಗಿರಣಿಯ ತೂಕದ ಕಲ್ಲಿನ ಮೇಲೆ ಕೂತೆ.

"ನಿನ್ನ ಮನೆ ಬಾಗಿಲು ಹಾಗೆ ಥಟ್ಟನೆ ತೆರೆದದ್ದು ಒಂದೇ ಸಲವೇನೇ ಶಿವಗಂಗೆ?"

"ಇನ್ನೆಷ್ಟು ಸಲ ತೆರೀಬೇಕು?"

"ಇಂದು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ತಂದದ್ದು ಯಾರು?"

ತಂದವಳು ನಾನು. ಕೂಸನ್ನು ಮೊದಲು ತಾನೇ ಒಳಗೆ ಹೋಗಲು ಬಿಡುವುದು ನಮ್ಮಲ್ಲಿಯ ಪದ್ಧತಿ. ಕೂಸಿನ ಅಂಗೈ ಬಿಡಿಸಿ ಬಾಗಿಲಿಗೆ ಸೋಕಿಸುತ್ತಾರೆ, ಬಾಗಿಲು ತೆರೆಯುತ್ತದೆ, ಹೊಸ್ತಿಲಿನಾಚೆ ಮೊರದಲ್ಲಿ ಮಲಗಿಸುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ತಾಯಿ ತನ್ನ ಕೈ ಇಡಬೇಕು.

"ಇವಳ ಕೈ ಎಷ್ಟಿತ್ತು, ಒಂದು ಬಟಾಣಿ ಕಾಯಷ್ಟು" ಎಂದೆ. "ಪೂರ್ತಿ ಸೋಕಿಸಿಯೂ ಇರಲಿಲ್ಲ, ತೆರೆದೇಬಿಡ್ತು. ನೀನು ಕೈ ಇಟ್ಟೆ. ಹುಟ್ಟಿದಾಗಿನಿಂದ ಅದೇ ಮನೆ ನಿನ್ನದು, ಮೇಲೆ ಮದುವೆ, ಬಸಿರು, ಎಲ್ಲ. ಬಾಗಿಲು ಒಂದೂ ಬಿಡದೆ ನೆನೀತಾ ಕೂತಿತು. ಒಳಗೆ ಮಗು ಅಳೋಕೆ ಶುರು ಮಾಡ್ತು. ಬಾಗಿಲನ್ನ ನೀನು ಬೈದ ಬೈಗುಳ ನನ್ನ ಜನ್ಮದಲ್ಲಿ ಕೇಳಿರಲಿಲ್ಲ."

ಶಿವಗಂಗೆಯ ಬಾಯಿಯ ತುದಿ ಅಲುಗಿತು. "ಗುದ್ದಿದೆ ಕೂಡ."

"ಗುದ್ದಿದೆ. ಆವತ್ತು ನೀನು ಅತ್ತದ್ದು ಬಾಗಿಲು ಮಗೂನ ಗುರುತಿಸಲಿಲ್ಲ ಅಂತಾನಾ?"

"ಅವಳು ಒಳಗೆ, ನಾನು ಹೊರಗೆ ಅಂತ ಅತ್ತೆ."

"ಈಗಲೂ ಅದಕ್ಕೇ ಅಳ್ತಾ ಇದೀಯ."

ಆ ಮಾತು ಹೆಚ್ಚಾಯಿತೇನೋ ಎಂದು ಆಡಿದ ಮೇಲೆ ಅನಿಸಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಹಿಟ್ಟು ಇನ್ನಷ್ಟು ಮೆತ್ತಿಕೊಂಡಿತು. ತುಂಬ ಹೊತ್ತು ಅಳತೆಯ ಡಬ್ಬವನ್ನು ಅತ್ತಿತ್ತ ಮಾಡಿದಳು. ಗಿರಾಕಿಯೊಬ್ಬಳು ರಾಗಿ ಹೊತ್ತು ಬಂದಳು, ನಮ್ಮಿಬ್ಬರನ್ನೂ ನೋಡಿ, ಆಮೇಲೆ ಬರ್ತೀನಿ ಎಂದು ಚೀಲ ಅಲ್ಲೇ ಇಟ್ಟು ಹೋದಳು.

"ರೇವಣ್ಣನಿಗೆ ಬಾಗಿಲು ತೆರೆದಿತ್ತಲ್ಲ ಅಕ್ಕ" ಎಂದಳು ಕೊನೆಗೆ, ನನಗಲ್ಲ, ಡಬ್ಬಕ್ಕೆ ಹೇಳುವವಳ ಹಾಗೆ. "ಮುಚ್ಚಿರಲಿಲ್ಲ. ತೆರೆದೇ ಇತ್ತು. ರೊಟ್ಟಿ ಬಿಸಿ ಇತ್ತು."

ನಾನು ಸೆರಗಿನ ಮೇಲಿನ ಹಿಟ್ಟು ಕೊಡವಿಕೊಂಡೆ.

"ಬರೀಲಿ" ಎಂದಳು. "ಹಳೇ ಹೆಸರಿನ ಒಂದು ಕೂದಲೂ ಕೊಂಕಬಾರದು ಅಂತ ಆ ಹುಡುಗಿಗೆ ಹೇಳಿ. ನಮ್ಮ ಗೌರಿ ಎಮ್ಮೆ ಅದರಲ್ಲಿದೆ." ಮೋಟಾರು ಹಾಕಿದಳು. ಆ ಜೋಳದ ಹಿಟ್ಟು ಬೇಕಾದ್ದಕ್ಕಿಂತ ನುಣ್ಣಗಾಯಿತು, ರೊಟ್ಟಿ ಉಬ್ಬಲಿಲ್ಲ, ಇರಲಿ.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬರು ಮೇಲ್ವಿಚಾರಕರು ಬಂದರು. ಇಸ್ತ್ರಿ ಹಾಕಿದ ಅಂಗಿ, ನಗದ ಮುಖ. ಶಾಲೆಯಲ್ಲಿ ಅವರು ಕೈ ಇಟ್ಟ ಕಡೆಯೆಲ್ಲ ಬಾಗಿಲು ತೆರೆದುಕೊಂಡದ್ದು ನೋಡಿ, "ವ್ಯವಸ್ಥೆ ಚೆನ್ನಾಗಿದೆ" ಎಂದರು. ಹೆಡ್‌ಮೇಷ್ಟ್ರು ಪಾಪ ಎಂದು ಅವರಿಗೆ ಎರಡು ಲೋಟ ಮಜ್ಜಿಗೆ ಕೊಡಿಸಿದರು.

ಮಕ್ಕಳು ಕೂತರು. ಒಬ್ಬೊಬ್ಬರ ಕೈಗೂ ತಬಸ್ಸುಮ್ ಮಾಡಿಕೊಟ್ಟ ಹೊಸ ಹೆಸರಿನ ಚೀಟಿ ಬಂತು. ಕಸೂತಿ ತರುವಂತಿಲ್ಲ ಎಂದು ಹೇಳಿದ್ದೆ. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಗಂಟೆ ಹೊಡೆಯಿತು. ಹೆಸರು ಹಾಕಿದ್ದೇ ತಡ, ಪರದೆಗಳೆಲ್ಲ ಒಮ್ಮೆಗೇ ತೆರೆದುಕೊಂಡವು. ಕೋಣೆಯಲ್ಲಿ ಒಂದು ತರಹದ ಮುಜುಗರ ಹರಡಿತು. ಗೊತ್ತಿಲ್ಲದವರ ಮನೆಯ ನಡುಮನೆಯಲ್ಲಿ ನಿಂತವರ ಹಾಗೆ ಮಕ್ಕಳು ಅತ್ತಿತ್ತ ನೋಡಿದರು. ಕೋಟ್ರೇಶನ ಕೈ ಅಭ್ಯಾಸದಿಂದ ಜೇಬಿನಲ್ಲಿ ಸೂಜಿ ಹುಡುಕಿತು. ಆಮೇಲೆ ತಲೆ ತಗ್ಗಿಸಿ ಓದತೊಡಗಿದ. ಉಳಿದವರೂ.

ಇಂದುಮತಿ ಮಾತ್ರ ಓದುತ್ತಿರಲಿಲ್ಲ. ಅವಳ ಪರದೆ ನೀಲಿಯಾಗಿ, ಖಾಲಿಯಾಗಿ ತೆರೆದಿತ್ತು. ನಡುವೆ ಒಂದೇ ಒಂದು ಗುಂಡಿ, ಒಳಗೆ ಹೋಗಿ ಎಂದು. ಅವಳ ಬಲಗೈ ಮೇಲೆದ್ದದ್ದು ಹಾಗೇ ನಿಂತಿತ್ತು. ಒಂದು ಎಮ್ಮೆ ಇಲ್ಲ, ಒಂದು ಕರು ಇಲ್ಲ, ಅವಳು ಯಾರು ಎಂದು ಹೇಳುವಂಥದ್ದು ಏನೂ ಇಲ್ಲ. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು. ಹಿಂದೊಮ್ಮೆ ಕಂಡ ಬೆನ್ನಿನ ಹಾಗೇ ಇತ್ತು ಅದು, ಭುಜ ಅದೇ. ಹತ್ತಿರ ಹೋಗೋಣ ಎಂದು ಒಂದು ಹೆಜ್ಜೆ ಇಟ್ಟೆ. ಮೇಲ್ವಿಚಾರಕರು ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದರು. ನಿಂತೆ. ಅವರು ಸಾಲುಗಳ ನಡುವೆ ನಡೆಯುತ್ತ ಬಂದು ಸರಿಯಾಗಿ ಅವಳ ಹಿಂದೆಯೇ ನಿಂತುಬಿಟ್ಟರು. ಆ ಅಗಲದ ಬೆನ್ನಿಗೆ ನಾನು ಮನಸ್ಸಿನಲ್ಲಿ ಏನೇನು ಅಂದೆನೋ ಇಲ್ಲಿ ಬರೆಯಲಾರೆ. ಅವರು ಸರಿಯುವ ಹೊತ್ತಿಗೆ ಪರದೆ ಬಿಳಿಯಾಗಿತ್ತು, ಅದರ ತುಂಬ ಅಕ್ಷರ. ಇಂದುಮತಿಯ ಕೈ ಕೆಳಗಿಳಿದಿತ್ತು. ನಾನು ಗೋಡೆಗೆ ಒರಗಿದೆ.

ಮುಗಿಸಿ ಹೊರಗೆ ಬಂದಾಗ ಶಿವಗಂಗೆ ಬೇವಿನ ಮರದ ಕೆಳಗೆ ಕೂತಿದ್ದಳು. ಗಿರಣಿ ಮುಚ್ಚಿ ಬಂದಿದ್ದಳು, ತಲೆಯ ಮೇಲೆ ಇನ್ನೂ ಹಿಟ್ಟಿತ್ತು. ಪ್ರಶ್ನೆ ಹೇಗಿತ್ತು ಎಂದು ಅವಳು ಕೇಳಲಿಲ್ಲ.

"ತಡ ಆಯ್ತೇನೇ?"

"ಇಲ್ಲಮ್ಮ. ಕೂಡಲೇ ತೆರೀತು."

"ಕೂಡಲೇನಾ?"

"ಹೆಸರು ಹಾಕಿ ಕೈ ತೆಗೆದಿರಲಿಲ್ಲ, ತೆರೆದುಬಿಡ್ತು."

"ಆಮೇಲೆ?"

"ಆಮೇಲೆ ಏನಮ್ಮ, ಒಳಗೆ ಹೋದೆ." ಇಂದುಮತಿ ಬುತ್ತಿ ಬಿಚ್ಚುತ್ತ ಹೇಳಿದಳು. "ಕುಂಟೋ ಎತ್ತಿನ ಮೇಲೆ ಎರಡು ಪ್ರಶ್ನೆ ಬಂದಿತ್ತು. ಉಪ್ಪಿನಕಾಯಿ ತಂದಿಲ್ವಾ?"

ಶಿವಗಂಗೆ ಮಗಳು ತಿನ್ನುವುದನ್ನೇ ನೋಡುತ್ತ ಕೂತಳು. ಅವಳು ಒಂದು ರೊಟ್ಟಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಾಗ ನನ್ನ ಕಡೆ ತಿರುಗಿದಳು.

"ಅಕ್ಕ, ದನದ ಡಾಕ್ಟರುಗಳು ಹಾಕ್ತಾರಲ್ಲ, ಬಿಳಿ ಕೋಟು. ಇವಳಿಗೆ ಎಷ್ಟು ಬಟ್ಟೆ ಬೇಕಾಗುತ್ತೆ?"

"ಇನ್ನೂ ಫಲಿತಾಂಶ ಬಂದಿಲ್ಲಮ್ಮ" ಎಂದಳು ಇಂದುಮತಿ, ಬಾಯಿ ತುಂಬ ರೊಟ್ಟಿ.

"ನಾನು ಟೀಚರ್ನ ಕೇಳಿದ್ದು."

ನಾನು ಹುಡುಗಿಯನ್ನು ಎದ್ದು ನಿಲ್ಲು ಎಂದೆ. ಭುಜಕ್ಕೆ ಗೇಣು ಹಿಡಿದು ನೋಡಿದೆ, ತೋಳಿಗೆ ನೋಡಿದೆ. ಅವಳು ರೊಟ್ಟಿಯ ಕೈಯನ್ನು ದೂರ ಹಿಡಿದುಕೊಂಡು ನಿಂತಿದ್ದಳು.

"ಸ್ವಲ್ಪ ಹೆಚ್ಚಿಗೇ ತಗೋ" ಎಂದೆ. "ಬೆಳೆಯೋ ಹುಡುಗಿ. ಒಳಗೆ ಮಡಿಕೆ ಬಿಟ್ಟು ಹೊಲೀತೀನಿ."